ಅರ್ಧ ಮೋರಿ

ದಿಲ್ಲಿಯವರು ಬರುವ ದಿನ ಬೆಳಿಗ್ಗೆ ಸಣ್ಣಸ್ವಾಮಿ ಜಗಲಿಯಲ್ಲಿ ಗಡ್ಡಕ್ಕೆ ನೀರಿಟ್ಟುಕೊಂಡು ಕೂತಿದ್ದ.    ಊರ ಹೆಂಗಸರೆಲ್ಲ ಯಜಮಾನ ಕೆಂಪಣ್ಣಗೌಡನ ಮನೆಯಲ್ಲಿ ಸೇರಿ ನಸುಕಿನಿಂದ ಕಡುಬು ಬೇಯಿಸುತ್ತಿದ್ದರು, ಒಲೆಯ ಹೊಗೆ ಇವನ ಮನೆಯ ಮಾಡಿನ ತನಕ ಬಂದು ನಿಂತಿತ್ತು. ಹೆಂಡತಿ ಸಿದ್ದಮ್ಮನೂ ಅಲ್ಲೇ ಇದ್ದಳು. ಹೊರಡುವಾಗ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಮದುವೆಗೆ ಮಾಡಿದಂಗೆ ಅಡಿಗೆ ಮಾಡ್ತಾ ಅವ್ರೆ, ಬರೋರು ಒಂದು ಜೀಪಿನಷ್ಟು ಜನ ಅಂತ ಈಗ್ಲಾದ್ರೂ ಹೇಳಿಬಿಡಿ, ಎಂದಿದ್ದಳು. ಅವನು ಕನ್ನಡಿಯ ಚೂರು ಹಿಡಿದು ಗಡ್ಡ ಕೆರೆಯುತ್ತಿದ್ದ. ಕೆನ್ನೆ ಉಬ್ಬಿಸಿಕೊಂಡಿದ್ದ ಕಾರಣ ಉತ್ತರ ಕೊಡಬೇಕಾಗಲಿಲ್ಲ. ಹೇಳಬಹುದಿತ್ತು. ನಿನ್ನೆಯೂ ಹೇಳಬಹುದಿತ್ತು, ಮೊನ್ನೆಯೂ. ಹೇಳದೆ ಇರುವುದು ಈಚೆಗೆ ಅವನಿಗೆ ಒಂದು ಉದ್ಯೋಗವೇ ಆಗಿಬಿಟ್ಟಿತ್ತು; ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಮಾಡಬೇಕಾದ ಮೊದಲ ಕೆಲಸ ಅದೇ.

ಎಲ್ಲ ಶುರುವಾದದ್ದು ಹಳ್ಳದಿಂದ. ಊರಿಗೂ ಶನಿವಾರಸಂತೆಯ ರಸ್ತೆಗೂ ನಡುವೆ ಹಳ್ಳ ಹರಿಯುತ್ತಿತ್ತು. ಮಳೆ ಹಿಡಿದರೆ ಗಾಡಿ ದಾಟುತ್ತಿರಲಿಲ್ಲ. ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ತಲೆಯ ಮೇಲೆ ಸಂತೆಗೆ ಹೋಗಬೇಕು, ಇಲ್ಲವೆ ಮೇಲಿನ ಊರು ಸುತ್ತಿಕೊಂಡು ಹೋಗಿ ಸಂತೆ ಮುಗಿದ ಮೇಲೆ ತಲುಪಬೇಕು. ಹಿಂದಿನ ವರ್ಷ ಹೆರಿಗೆಯ ನೋವು ಬಂದ ಹೆಂಗಸೊಬ್ಬಳು ಆಸ್ಪತ್ರೆಗೆ ಹೋಗಲಾಗದೆ ಈ ದಡದಲ್ಲೇ, ಸೀರೆಯ ಮರೆಯಲ್ಲಿ ಹೆತ್ತಿದ್ದಳು. ಮಗು ಉಳಿಯಲಿಲ್ಲ. ಕೊಡಗು ಒಂದು ರಾಜ್ಯವಾಗಿ, ಮಡಿಕೇರಿಯಲ್ಲಿ ಮಂತ್ರಿಗಳು ಕೂತು ಎರಡು ವರ್ಷವಾಗಿತ್ತು. ಆದರೆ ಹಳ್ಳಕ್ಕೆ ಗಾಡಿ ದಾಟುವಂಥ ಮೋರಿ ಕಟ್ಟಲು ಬೇಕಾದ ದುಡ್ಡು ದಿಲ್ಲಿಯಿಂದಲೇ ಬರಬೇಕು ಎಂದು ಬ್ಲಾಕ್ ಆಫೀಸರು ಹೇಳಿದ್ದರು. ಅದಕ್ಕೊಂದು ಷರತ್ತಿತ್ತು. ಖರ್ಚಿನ ಅರ್ಧ ಭಾಗ ಊರಿನವರದು, ಅರ್ಧ ಕೇಂದ್ರ ಸರ್ಕಾರದ್ದು. ಊರಿನವರು ತಮ್ಮ ಪಾಲನ್ನು ಶ್ರಮದಾನದಿಂದ ತೀರಿಸಬಹುದು. ಒಬ್ಬ ದೊಡ್ಡ ಅಧಿಕಾರಿ ಬಂದು ಕಣ್ಣಾರೆ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಈ ಹಣ ತಿತಿಮತಿಯ ಕಡೆಗೆ ಹೋಗುತ್ತದೆ, ಅವರೂ ಅರ್ಜಿ ಹಾಕಿ ಕೂತಿದ್ದಾರೆ. ಹಾಗೆಂದು ಆಫೀಸರು ಸಣ್ಣಸ್ವಾಮಿಯನ್ನು ಕೂರಿಸಿಕೊಂಡು ಹೇಳಿದ್ದರು. ಊರಿನಲ್ಲಿ ಇಂಗ್ಲಿಷು ಬಲ್ಲವನು ಅವನೊಬ್ಬನೇ. ಆದ್ದರಿಂದ ಗ್ರಾಮ ಸುಧಾರಣಾ ಸಮಿತಿಯ ಕಾರ್ಯದರ್ಶಿಯೂ ಅವನೇ.

ಅದೇ ಸಂಜೆ ಕೆಂಪಣ್ಣನ ಜಗಲಿಯಲ್ಲಿ ಅವನು ವಿಷಯ ತೆಗೆದ. ಶ್ರಮದಾನ ಎಂಬ ಮಾತು ಬಿದ್ದ ಕೂಡಲೆ ಕೆಂಪಣ್ಣ ಎಲೆಯಡಿಕೆ ಉಗಿದು ಬಂದು ಕೂತು, ದಾನ ಅಂದ್ರೆ ಬಿಟ್ಟಿಯೋ ಎಂದು ಕೇಳಿದ. ಅವನ ತಾತನನ್ನು ಯಾವನೋ ದೊರೆ ಶಿಕಾರಿಗೆ ಹೋಗುವಾಗ ಡೇರೆ ಹೊರಲು ಬಿಟ್ಟಿ ಹಿಡಿದಿದ್ದರಂತೆ. ತಾತ ಬೆನ್ನು ನೋವಿನಿಂದಲೇ ಸತ್ತ. ಬಿಟ್ಟಿಯಲ್ಲ ಎಂದ ಸಣ್ಣಸ್ವಾಮಿ. ಹಾಗಾದರೆ ಕೂಲಿಯೋ? ಕೂಲಿಯೂ ಅಲ್ಲ. ತಮ್ಮ ಊರಿನಲ್ಲೇ ಕೂಲಿ ಹೋಗುವಷ್ಟು ಕೆಟ್ಟಿಲ್ಲ ಎಂದು ಮೂಲೆಯಿಂದ ಯಾರೋ ಹೇಳಿದರು. ಬಿಟ್ಟಿ ಅಲ್ಲದ, ಕೂಲಿ ಅಲ್ಲದ ಕೆಲಸ ಯಾವುದು ಎಂದು ಎಲ್ಲರೂ ಅವನ ಮುಖವನ್ನೇ ನೋಡತೊಡಗಿದಾಗ, ಮಾತು ತಾನಾಗಿ ಬಾಯಿಗೆ ಬಂತು. ಅವನು ಯೋಚಿಸಿರಲಿಲ್ಲ. ಆಮೇಲೆ ಎಷ್ಟೋ ಸಲ ಆ ಗಳಿಗೆಯನ್ನು ಕೆದಕಿ ನೋಡಿದಾಗಲೂ, ಯೋಚಿಸಿರಲಿಲ್ಲ ಎಂಬುದು ಪೂರ್ತಿ ನಿಜವೆಂದು ಅವನಿಗೆ ಅನ್ನಿಸಲಿಲ್ಲ.

"ಮುಯ್ಯಿ ಅಂತ್ಲೇ ತಿಳ್ಕೊಳ್ಳಿ ಗೌಡ್ರೆ. ನಾವೆಷ್ಟು ಮಾಡ್ತೀವೋ ಅಷ್ಟು ದಿಲ್ಲಿಯವ್ರು ಮಾಡ್ತಾರೆ."

ಎಲ್ಲರ ಮುಖವೂ ತಿಳಿಯಾಯಿತು. ಮುಯ್ಯಿ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇವತ್ತು ನಾನು ನಿನ್ನ ಗದ್ದೆಯಲ್ಲಿ ಒಂದು ದಿನ ದುಡಿದರೆ ನಾಳೆಯೋ ನಾಡಿದ್ದೋ ನೀನು ನನ್ನ ಗದ್ದೆಯಲ್ಲಿ ಒಂದು ದಿನ ದುಡಿಯಬೇಕು; ಕೆಲಸ ಯಾರದೋ ಊಟ ಅವರದು. ಇವರ ಅಜ್ಜಂದಿರು ಹಾಸನದ ಕಡೆಯಿಂದ ಬಂದಾಗ ಎತ್ತು ನೊಗದ ಜೊತೆಗೆ ತಂದ ಪದ್ಧತಿ ಅದು. ತೀರಿಸದೆ ಸತ್ತವನ ದಿನವನ್ನು ಮಗ ತೀರಿಸುತ್ತಿದ್ದ. ಬದಲಿಗೆ ದುಡ್ಡು ಕೊಡಹೋಗುವುದು ಮುಖಕ್ಕೆ ಹೊಡೆದ ಹಾಗೆ. ಹಿಂದೊಬ್ಬ ಹಾಗೆ ಮಾಡಿದ್ದಕ್ಕೆ ಅವನ ಕಣಕ್ಕೆ ಆ ಸುಗ್ಗಿಯಲ್ಲಿ ಒಬ್ಬರೂ ಕಾಲಿಟ್ಟಿರಲಿಲ್ಲ. ಇದೆಲ್ಲ ಸಣ್ಣಸ್ವಾಮಿಗೆ ಗೊತ್ತಿತ್ತು, ಹೊರಗಿನವನಿಗೆ ಗೊತ್ತಿರುವ ಹಾಗೆ. ತಿತಿಮತಿ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ಎಂಟು ವರ್ಷ ಕಳೆದು ಅವನು ಊರಿಗೆ ವಾಪಸು ಬಂದಾಗ ಎಲ್ಲರೂ ಅವನನ್ನು ರೈಟ್ರೇ ಎಂದು ಕರೆದರು, ಬಹುವಚನ ಹಚ್ಚಿದರು, ಮುಯ್ಯಿಗೆ ಮಾತ್ರ ಕರೆಯಲಿಲ್ಲ. ಸಿದ್ದಮ್ಮ ಹೋಗುತ್ತಿದ್ದಳು, ಅವಳ ಮುಯ್ಯಿ ಅವಳಿಗೆ ಬರುತ್ತಿತ್ತು. ಇವನು ಒಂದು ಸಲ ತಾನೇ ಪಂಚೆ ಎತ್ತಿಕಟ್ಟಿ ಗದ್ದೆಯ ಬದುವಿನ ಮೇಲೆ ನಿಂತಿದ್ದ. ನಿಮಗ್ಯಾಕೆ ಕೆಸರು ರೈಟ್ರೇ, ಎಂದು ಯಾರೋ ಕೆಳಗಿನಿಂದ ಬಹಳ ಮರ್ಯಾದೆಯಿಂದ ಹೇಳಿದ್ದರು. ಎತ್ತಿಕಟ್ಟಿದ ಪಂಚೆಯನ್ನು ಇಳಿಸುವುದೋ ಹಾಗೇ ಬಿಡುವುದೋ ತಿಳಿಯದೆ ಅವನು ಸ್ವಲ್ಪ ಹೊತ್ತು ನಿಂತು, ಹಕ್ಕಿಗಳನ್ನು ನೋಡುವವನ ಹಾಗೆ ಆಕಾಶ ನೋಡಿ, ಮನೆಗೆ ಬಂದಿದ್ದ.

ಗಡ್ಡ ಮುಗಿಸಿ ಅವನು ಕೋಟು ಹಾಕಿಕೊಂಡ. ಎಸ್ಟೇಟಿನ ದೊರೆ ಬಿಟ್ಟುಕೊಟ್ಟ ಕೋಟು, ತೋಳು ಉದ್ದ. ಈ ಕೋಟಿನಲ್ಲೇ ಅವನು ಬೆಳಗಿನ ಮಂಜಿನಲ್ಲಿ ಆಳುಗಳು ವಾಸವಿದ್ದ ಲೈನುಗಳ ಮುಂದೆ ನಿಂತು ಚೆಕ್‌ರೋಲಿನಲ್ಲಿ ಹಾಜರಿ ಹಾಕುತ್ತಿದ್ದ. ಗಂಡಾಳು ಒಂದು ಕಡೆ, ಹೆಣ್ಣಾಳು ಒಂದು ಕಡೆ. ಒಂದು ದಿನ ಚೋಮಿ ಎಂಬವಳು ತಡವಾಗಿ ಬಂದಳು. ಪುಸ್ತಕ ಮುಚ್ಚಿಯಾಗಿತ್ತು. ಮುಚ್ಚಿದ ಪುಸ್ತಕವನ್ನು ತೆರೆಯಬಾರದೆಂದು ದೊರೆಯ ಕಟ್ಟಪ್ಪಣೆ. ಚೋಮಿ ಏನೂ ಕೇಳಲಿಲ್ಲ. ಪಿಕ್ಕಿಂಗಿನ ಸಾಲಿಗೆ ಹೋಗಿ ಸೇರಿಕೊಂಡು, ಅವನ ಕಣ್ಣಿಗೆ ಬೀಳುವ ಗಿಡಗಳನ್ನೇ ಆರಿಸಿಕೊಂಡು, ಸಂಜೆಯ ತನಕ ಹಣ್ಣು ಬಿಡಿಸಿದಳು. ಅವನು ಎಲ್ಲಿ ಹೋದರೂ ಅವಳು ಅಲ್ಲಿ ಒಂದು ಗಿಡದ ಹಿಂದೆ ಇರುತ್ತಿದ್ದಳು, ನೋಡುತ್ತಲೂ ಇರಲಿಲ್ಲ. ಸಂಜೆ ಅವನು ಅವಳ ಹಾಜರಿ ಬರೆಯಲಿಲ್ಲ. ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದಿಲ್ಲಿಯ ಅರ್ಜಿಯಲ್ಲಿ 'ಜನರ ಪಾಲು' ಎಂಬ ಜಾಗಕ್ಕೆ ಬಂದಾಗ ಅವನ ಲೇಖನಿ ಒಂದು ಕ್ಷಣವೂ ತಡೆಯಲಿಲ್ಲ. ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು, ಗಂಡಾಳಿಗೆ ಇಂತಿಷ್ಟು ದರ, ಹೆಣ್ಣಾಳಿಗೆ ಅದರ ಮುಕ್ಕಾಲು ಎಂದು ಎಸ್ಟೇಟಿನ ಕ್ರಮದಲ್ಲೇ ಗುಂಡುಗುಂಡಾಗಿ ಬರೆಯಿತು. ಅಕ್ಷರ ಚೆನ್ನಾಗಿದೆ ಎಂದು ಬ್ಲಾಕ್ ಆಫೀಸರು ಹೊಗಳಿದ್ದರು.

ಅವನು ಹೋಗುವಷ್ಟರಲ್ಲಿ ಹಳ್ಳದ ಹತ್ತಿರ ಊರಿಗೆ ಊರೇ ನೆರೆದಿತ್ತು. ದಡದಲ್ಲಿ ಗುದ್ದಲಿ, ಸಲಿಕೆ, ಮಣ್ಣು ಹೊರುವ ಮಂಕರಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ತಮಗಲ್ಲ, ದಿಲ್ಲಿಯಿಂದ ಬರುವ ಆಳುಗಳಿಗೆ. ಅಷ್ಟು ದೂರದಿಂದ ಬರೋರು ಗುದ್ದಲಿ ಹೊತ್ಕೊಂಡು ರೈಲು ಹತ್ತೋಕಾಗುತ್ತಾ ಎಂದು ಕೆಂಪಣ್ಣ ಮನೆಮನೆಯಿಂದ ಎರವಲು ತರಿಸಿದ್ದ. ಮೋರಿಯ ಏರಿ ಈ ದಡದಿಂದ ಹೊರಟು ಹಳ್ಳದ ಸರಿಯಾಗಿ ನಡುವೆ ನಿಂತಿತ್ತು. ಎರಡೂ ಬದಿಗೆ ಕಲ್ಲು ಕಟ್ಟಿ, ಮೇಲೆ ಮಣ್ಣು ಬಡಿದು ದಮ್ಮಸು ಮಾಡಿ, ಗಾಡಿ ಓಡಾಡುವಷ್ಟು ಅಗಲ ಬಿಟ್ಟು ಬಹಳ ಅಚ್ಚುಕಟ್ಟಾಗಿ ಮಾಡಿದ್ದರು. ತುದಿಯಲ್ಲಿ ಅರ್ಧದ ಗುರುತಿಗೆ ಒಂದು ಗೂಟ ಹುಗಿದಿದ್ದರು. ಗೂಟದ ಈಚೆ ಒಂದು ಬುಟ್ಟಿ ಮಣ್ಣೂ ಬಾಕಿಯಿರಲಿಲ್ಲ, ಆಚೆ ಒಂದು ಬುಟ್ಟಿ ಮಣ್ಣೂ ಬಿದ್ದಿರಲಿಲ್ಲ. ಬೇಸಗೆಯಲ್ಲಿ ಕೆಲಸ ಭರದಿಂದ ಸಾಗಿ ಗೂಟ ಮುಟ್ಟಿದ ಸಾಯಂಕಾಲ ಎಲ್ಲರೂ ಗುದ್ದಲಿ ತೊಳೆದುಕೊಂಡು ಎದ್ದುಬಿಟ್ಟಿದ್ದರು. ಇನ್ನೂ ಒಂದು ವಾರ ಮಾಡಿದರೆ ಎಂದು ಸಣ್ಣಸ್ವಾಮಿ ರಾಗ ಎಳೆದಾಗ, ಆಚೆ ಕಡೇದು ಅವರ್ದಲ್ವಾ, ಅವರ ಪಾಲಿಗೆ ನಾವು ಕೈ ಹಾಕಿದ್ರೆ ಅವರನ್ನ ಕೈಲಾಗ್ದೋರು ಅಂದಂಗಾಗುತ್ತೆ, ಎಂದಿದ್ದ ಕೆಂಪಣ್ಣ. ಅವನ ಮುಖದಲ್ಲಿ ದಿಲ್ಲಿಯ ಮಾನ ಕಾಯುವವನ ಕಾಳಜಿಯಿತ್ತು.

ಜೀಪು ಆಚೆ ದಡಕ್ಕೆ ಬಂದು ನಿಂತಿತು. ರಸ್ತೆ ಆ ಕಡೆಗೇ ಇದ್ದುದರಿಂದ ದಿಲ್ಲಿಯವರು ತಮ್ಮ ಪಾಲಿನ ದಡದಲ್ಲೇ ಇಳಿದಂತಾಯಿತು. ಡ್ರೈವರು, ಬ್ಲಾಕ್ ಆಫೀಸರು, ಕ್ಯಾಮರಾ ಹಿಡಿದ ಒಬ್ಬ, ಮತ್ತೆ ದಿಲ್ಲಿಯ ಅಧಿಕಾರಿ. ತೆಳ್ಳಗೆ, ಬೆಳ್ಳಗೆ, ಕನ್ನಡಕ ಹಾಕಿದ್ದ ಆ ಮನುಷ್ಯ ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ಯಾರ ಕೈಯನ್ನೂ ಹಿಡಿಯದೆ ಅರ್ಧ ಹಳ್ಳವನ್ನು ನೀರಿನಲ್ಲಿ ನಡೆದು ದಾಟಿ, ಗೂಟದ ಹತ್ತಿರ ಏರಿಯನ್ನು ಹತ್ತಿದರು. ಊರಿನವರ ಕಣ್ಣು ಅವರ ಮೇಲಿರಲಿಲ್ಲ, ಜೀಪಿನ ಹಿಂದಿನ ರಸ್ತೆಯ ಮೇಲಿತ್ತು. ಉಳಿದೋರು ಹಿಂದೆ ಬರ್ತಾ ಇದಾರಾ ಎಂದು ಕೆಂಪಣ್ಣ ಮೆಲ್ಲಗೆ ಕೇಳಿದ. ಇವರು ನೋಡೋಕೆ ಬಂದೋರು ಗೌಡ್ರೆ, ಎಂದ ಸಣ್ಣಸ್ವಾಮಿ.

"ನೋಡೋಕೆ?" ಹಿಂದಿನಿಂದ ಹುಚ್ಚಮ್ಮ ಹೇಳಿದಳು. ಗಂಡ ಸತ್ತ ಮೇಲೆ ಒಬ್ಬಳೇ ಗದ್ದೆ ಮಾಡಿಸುತ್ತಿದ್ದ ಮುದುಕಿ, ಊರಿಗೆಲ್ಲ ಅತ್ತೆ. ಹೆಂಗಸರ ಗುಂಪು ಅವಳು ಹೇಳಿದ ಹಾಗೆ ಕೇಳುತ್ತಿತ್ತು. "ಹೆಣ್ಣು ನೋಡೋಕೆ ಬಂದೋರೂ ಇವರಷ್ಟು ಬರಿಗೈಲಿ ಬರಲ್ಲ ಕಣಪ್ಪ."

ಹೆಂಗಸರು ನಕ್ಕರು. ಅಧಿಕಾರಿ ಅವರ ನಗು ನೋಡಿ ತಾವೂ ನಕ್ಕರು. ಆಮೇಲಿನ ಒಂದು ಗಂಟೆ ಸಣ್ಣಸ್ವಾಮಿಯ ಬಾಯಿ ಒಂದು ಕಳ್ಳದಾರಿಯಾಯಿತು. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ್ದು ಅದರೊಳಗೆ ಹೋಗಿ ಬೇರೇನೋ ಆಗಿ ಹೊರಗೆ ಬರುತ್ತಿತ್ತು, ಕೆಂಪಣ್ಣ ಕೇಳಿದ್ದು ಹಾಗೆಯೇ. ಕೆಲಸ ಇಲ್ಲಿಗೇ ಏಕೆ ನಿಂತಿದೆ ಎಂದು ಅವರು ಕೇಳಿದರು. ನಮ್ದು ಇಲ್ಲಿಗೆ ಮುಗೀತು ಅಂತ ಹೇಳಿ ಎಂದ ಕೆಂಪಣ್ಣ. ಮುಂದಿನ ತಾಂತ್ರಿಕ ಸಲಹೆಗಾಗಿ ಕಾಯುತ್ತಿದ್ದಾರೆ ಎಂದು ಸಣ್ಣಸ್ವಾಮಿ ತಿರುಗಿಸಿದ. ಎಷ್ಟು ಆಳು ಕಳಿಸ್ತಾರೆ, ಯಾವತ್ತಿಂದ, ಎಂದು ಕೆಂಪಣ್ಣ ಕೇಳಿದ್ದು ಸರ್ಕಾರಕ್ಕೆ ಊರಿನವರ ವಂದನೆಗಳಾಯಿತು. ಅಧಿಕಾರಿ ತಲೆಬಾಗಿದರು. ಕೆಂಪಣ್ಣನೂ ತಲೆಬಾಗಿದ. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಮೆಚ್ಚಿಕೊಂಡಂತೆ ಕಂಡಿತು. ನಡುವೆ ನಿಂತ ಸಣ್ಣಸ್ವಾಮಿಯ ಬೆವರು ಕೋಟಿನ ಒಳಗೆ ಬೆನ್ನಿನ ಗುಂಟ ಇಳಿಯುತ್ತಿತ್ತು. ಇದು ಹೀಗೆ ಸಂಜೆಯ ತನಕ ನಡೆದುಬಿಟ್ಟರೆ, ಜೀಪು ಹೊರಟುಬಿಟ್ಟರೆ, ಮಂಜೂರಾಗಿ ಬಿಟ್ಟರೆ. ಕಾಂಟ್ರಾಕ್ಟುದಾರನ ಕೂಲಿಗಳು ಆಚೆಯಿಂದ ಬಂದು ಕೆಲಸ ಶುರು ಮಾಡಿದರೆ ಅವರೇ ದಿಲ್ಲಿಯ ಆಳುಗಳೆಂದು ಹೇಳಿಬಿಡಬಹುದು. ಯಾರ ಹಣೆಯ ಮೇಲೆ ಏನು ಬರೆದಿರುತ್ತದೆ.

ಕ್ಯಾಮರಾದವನು ಒಂದು ಚಿತ್ರ ಬೇಕೆಂದ. ಅಧಿಕಾರಿ ಸ್ವತಃ ಸಲಿಕೆ ಹಿಡಿದು ಮಂಕರಿಗೆ ಮಣ್ಣು ತುಂಬಿದರು, ಬ್ಲಾಕ್ ಆಫೀಸರು ತಲೆಗೆ ಎತ್ತಿಕೊಟ್ಟರು. ಊರಿನವರು ಉಸಿರು ಹಿಡಿದು ನೋಡಿದರು. ಅಂತೂ ಕೆಲಸ ಶುರುವಾಗಿತ್ತು. ಅವರು ಮಂಕರಿ ಹೊತ್ತು ಏರಿಯ ಮೇಲೆ ನಡೆದು ಗೂಟದ ಹತ್ತಿರ ಬಂದು, ಗೂಟದ ಈಚೆಗೇ ಮಣ್ಣು ಸುರಿದು, ಕ್ಯಾಮರಾದ ಕಡೆ ತಿರುಗಿ ನಿಂತರು.  ಮುಗಿದ ಕೆಲಸದ ಮೇಲೆ, ದಮ್ಮಸು ಮಾಡಿದ ನೆಲದ ಮೇಲೆ, ಆ ಗುಡ್ಡೆ ಬಿದ್ದಿತ್ತು. ಹುಚ್ಚಮ್ಮ ಮುಂದೆ ಬಂದಳು. ಅದೇ ಮಂಕರಿಗೆ ಬಾಯಿ ತುಂಬ ಮಣ್ಣು ತುಂಬಿಕೊಂಡು, ಯಾರಿಂದಲೂ ಎತ್ತಿಸಿಕೊಳ್ಳದೆ ಸೊಂಟಕ್ಕೆ ಇಟ್ಟು, ಹಳ್ಳಕ್ಕೆ ಇಳಿದು ಗೂಟದ ಆಚೆಗೆ ಹೋಗಿ ನೀರಿನಲ್ಲಿ ಸುರಿದಳು. ಮಣ್ಣು ಕದಡಿ ಹರಿದು ಹೋಯಿತು. ಸೆರಗಿನಿಂದ ಕೈ ಒರೆಸಿಕೊಂಡು, ಅವರ ಒಂದು ಮಂಕರಿ ತೀರಿಸಿದೆ, ಎಂದಳು. ಅಧಿಕಾರಿ ಚಪ್ಪಾಳೆ ತಟ್ಟಿದರು.

ಊಟಕ್ಕೆ ಕೂತಾಗ ಎಲೆಗಳ ಸಾಲು ಕೆಂಪಣ್ಣನ ಅಂಗಳದ ಈ ತುದಿಯಿಂದ ಆ ತುದಿಯ ತನಕ ಇತ್ತು. ದಿಲ್ಲಿಯವರು ಕೋಳಿ ತಿನ್ನುತ್ತಾರೋ ಇಲ್ಲವೋ ತಿಳಿಯದೆ ಎರಡು ಬಗೆಯ ಸಾರು ಮಾಡಿದ್ದರು. ಐದು ಎಲೆಯ ಮುಂದೆ ಜನ ಕೂತರು, ಉಳಿದ ಎಲೆಗಳು ಖಾಲಿ ಬಿದ್ದಿದ್ದವು. ಗಾಳಿ ಬಂದಾಗ ಒಂದೊಂದಾಗಿ ಮಗುಚಿಕೊಂಡವು. ಸಿದ್ದಮ್ಮ ಕಡುಬಿನ ಬುಟ್ಟಿ ಹಿಡಿದು ಬಂದು ಗಂಡನ ಮುಂದೆ ನಿಂತಾಗ ಅವನು ತಲೆಯೆತ್ತಲಿಲ್ಲ. ಅವನಿಗೂ ಎಲೆ ಹಾಕಿದ್ದರು, ದಿಲ್ಲಿಯವರ ಸಾಲಿನಲ್ಲಿ.

ತೊಂದರೆ ಬಂದದ್ದು ಸಂತೋಷದಿಂದ. ಹೊಟ್ಟೆ ತುಂಬ ಉಂಡ ಬ್ಲಾಕ್ ಆಫೀಸರಿಗೆ ಊರಿನವರಿಗೆ ಏನಾದರೂ ಒಳ್ಳೆಯದು ಹೇಳಬೇಕೆನಿಸಿತು. ಎದ್ದು ನಿಂತು, ನಿಮ್ಮ ಶ್ರಮಕ್ಕೆ ಸರ್ಕಾರ ಎಷ್ಟು ಬೆಲೆ ಕಟ್ಟಿದೆ ಕೇಳಿ ಎಂದು ಶುರು ಮಾಡಿ, ಅರ್ಜಿಯಲ್ಲಿದ್ದುದನ್ನು ಸ್ವಚ್ಛ ಕನ್ನಡದಲ್ಲಿ ಓದಿ ಹೇಳಿದರು. ಗಂಡಾಳು ಇಷ್ಟು. ದರ ಇಷ್ಟು. ಹೆಣ್ಣಾಳು ಇಷ್ಟು. ದರ, ಗಂಡಾಳಿನ ಮುಕ್ಕಾಲು. ಸಣ್ಣಸ್ವಾಮಿಗೆ ತನ್ನ ಅಕ್ಷರಗಳು ಕಾಣುತ್ತಿದ್ದವು, ಗುಂಡಗೆ, ಒಂದೂ ಚಿತ್ತಿಲ್ಲದೆ. ಆಫೀಸರು ಕೂತರು, ಅಂಗಳದಲ್ಲಿ ಕೋಳಿಗಳು ಖಾಲಿ ಎಲೆ ಕೆದರುತ್ತಿದ್ದವು.

"ನಮ್ಗೆ ಕೂಲಿ ಕಟ್ಟಿದೀಯಾ ಸ್ವಾಮಿ?" ಎಂದ ಕೆಂಪಣ್ಣ. ಗದರಲಿಲ್ಲ. ರೈಟ್ರೇ ಎನ್ನಲಿಲ್ಲ ಎಂಬುದನ್ನು ಮಾತ್ರ ಸಣ್ಣಸ್ವಾಮಿ ಗಮನಿಸಿದ.

"ಅಲ್ಲ ಗೌಡ," ಎಂದಳು ಹುಚ್ಚಮ್ಮ, "ಗಂಡಸ್ರು ಒಂದು ಮಂಕರಿ ಹೊತ್ರೆ ನಾವು ಮುಕ್ಕಾಲು ಹೊತ್ವಂತೆ. ಉಳಿದ ಕಾಲು ಮಂಕರಿ ದಾರೀಲಿ ಎಲ್ಲಿ ಚೆಲ್ತು ಅಂತ ರೈಟ್ರು ನೋಡಿರ್ಬೇಕು, ಕೇಳು."

ಏನು ಹೇಳುತ್ತಿದ್ದಾರೆ ಎಂದು ಅಧಿಕಾರಿ ಕೇಳಿದರು. ಸಂತೋಷಪಡುತ್ತಿದ್ದಾರೆ ಎನ್ನಬೇಕು. ಅದಕ್ಕೆ ಬೇಕಾದ ಇಂಗ್ಲಿಷು ಅವನ ಬಳಿ ಸಿದ್ಧವಾಗಿಯೇ ಇತ್ತು, ಅರ್ಜಿಯಲ್ಲಿ ಬರೆದದ್ದೇ. ಬಾಯಿ ತೆರೆದ. ಎದುರಿಗೆ ಎಲ್ಲರೂ ನಿಂತಿದ್ದರು. ಯಾರೂ ಬೈಯುತ್ತಿರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ. ಕೆಲವರು ಅವನನ್ನು ನೋಡುತ್ತಲೂ ಇರಲಿಲ್ಲ, ಆದರೆ ಎಲ್ಲಿ ತಿರುಗಿದರೂ ಚೋಮಿಯ ಹಾಗೆ ಒಬ್ಬರು ಇದ್ದರು. ಹೊಸ ಸುಳ್ಳಿಗೆ ಬೇಕಾದ ದಮ್ಮು ಅವನಲ್ಲಿ ಉಳಿದಿರಲಿಲ್ಲ. ಅವನು ನಿಜವನ್ನೇ ಹೇಳತೊಡಗಿದ. ಎಸ್ಟೇಟಿನ ಹರಕು ಇಂಗ್ಲಿಷಿನಲ್ಲಿ ಮುಯ್ಯಿ ಎಂದರೆ ಏನೆಂದು ಹೇಳಿದ, ತಾನು ಏನೆಂದು ನಂಬಿಸಿ ಕೆಲಸಕ್ಕೆ ಕರೆದೆ ಎಂದು ಹೇಳಿದ, ಈ ಗುದ್ದಲಿಗಳು, ಈ ಎಲೆಗಳು ಯಾರಿಗಾಗಿ ಇಟ್ಟದ್ದೆಂದು ಹೇಳಿದ. ಇವರಿಗೆ ನಿಮ್ಮ ಹಣ ಬೇಕಿಲ್ಲ, ನೀವು ಬೇಕು, ಎಂದ. ಬ್ಲಾಕ್ ಆಫೀಸರು ಹಣೆ ಹಿಡಿದುಕೊಂಡರು.

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಅವರು ನಗಲಿಲ್ಲ. ಒಟ್ಟು ಎಷ್ಟು ದಿನದ ಕೆಲಸವಾಗಬಹುದು, ಎಷ್ಟು ಜನ ಬೇಕಾಗಬಹುದು ಎಂದು ವಿವರವಾಗಿ ವಿಚಾರಿಸಿದರು. ತಮ್ಮ ಇಲಾಖೆಯಲ್ಲಿ ಅಷ್ಟು ಜನ ಇರುವುದು ನಿಜ ಎಂದರು. ಅವರಲ್ಲಿ ಹಲವರಿಗೆ ಮಾಡಲು ಕೆಲಸವಿಲ್ಲದಿರುವುದೂ ನಿಜ. ಆದರೆ ಇದಕ್ಕೆ ಖರ್ಚಿನ ಬಾಬತ್ತು ಇಲ್ಲ. ಹಣ ಕಳಿಸಬಹುದು, ಮನುಷ್ಯರನ್ನು ಕಳಿಸುವುದಕ್ಕೆ ಬರುವುದಿಲ್ಲ. ಅದನ್ನು ಸಣ್ಣಸ್ವಾಮಿ ಒಂದು ಮಾತೂ ಬದಲಿಸದೆ ಕನ್ನಡದಲ್ಲಿ ಹೇಳಿದ. ಆ ದಿನ ಅವನು ತಿರುಗಿಸಿದ ಮೊದಲ ಸರಿಯಾದ ಮಾತು ಅದು.

 ಹಿರಿಯರು ಇಬ್ಬರು ಮೂವರು ಕೆಂಪಣ್ಣನ ಹತ್ತಿರ ಬಂದು ಪಿಸುಗುಟ್ಟಿದರು. ಅಧಿಕಾರಿ ಮಡಿಚಿದ ಪ್ಯಾಂಟಿನಲ್ಲೇ ಕೂತು ತೀರ್ಪಿಗೆ ಕಾಯುವವರಂತೆ ಕಾದರು. ಕೊನೆಗೆ ಕೆಂಪಣ್ಣ ಕೇಳಿದ್ದು ಅವರನ್ನಲ್ಲ.

"ದಿಲ್ಲಿಯವ್ರು ನಮ್ಮನ್ನ ಕರೀಲಿಲ್ಲ. ಅವರಿಗೆ ಗೊತ್ತೇ ಇಲ್ಲ, ಪಾಪ. ಕರೆದೋನು ನೀನು. ಮುಯ್ಯಿ ಕರೆದೋರ ಮೇಲಲ್ವಾ?"

ಹೌದು ಎಂದ ಸಣ್ಣಸ್ವಾಮಿ. ಪದ್ಧತಿ ಹಾಗೇ ಇತ್ತು.

"ಹಂಗಾದ್ರೆ ಊರಿಗೆ ಊರು ನಿನ್ ಮೇಲೆ ದುಡಿದೈತೆ. ತೀರ್ಸು."

ಏನು ತೀರ್ಮಾನವಾಯಿತೆಂದು ಅಧಿಕಾರಿ ಕೇಳಿದರು. ಹೊಣೆಗಾರ ಯಾರೆಂದು ಗೊತ್ತಾಯಿತಂತೆ, ಎಂದ ಸಣ್ಣಸ್ವಾಮಿ. ಒಳ್ಳೆಯದು, ಯಾವುದೇ ಯೋಜನೆಯಲ್ಲಿ ನಾವು ಮೊದಲು ಹುಡುಕುವುದು ಅದನ್ನೇ, ಸಾಮಾನ್ಯವಾಗಿ ಸಿಗುವುದಿಲ್ಲ, ಎಂದು ಅವರು ಅವನ ಕೈ ಕುಲುಕಿ ಹೊರಟರು. ಜೀಪು ಹತ್ತುವ ಮೊದಲು ಬ್ಲಾಕ್ ಆಫೀಸರು ಹಲ್ಲು ಕಚ್ಚಿ, ತಿತಿಮತಿಯವರಿಗೆ ಹೋಯ್ತು ಅಂತ ತಿಳ್ಕೊಳ್ಳಿ, ಎಂದರು.

ಮಳೆ ಹಿಡಿಯಿತು. ಅರ್ಧ ಏರಿಗೆ ಬಡಿದ ನೀರು ಆಚೆಯ ಅರ್ಧದಲ್ಲಿ ನುಗ್ಗಿ ಆ ದಡವನ್ನು ಕೊರೆಯಿತು. ಪ್ರತಿದಿನ ಒಂದಿಷ್ಟು ಮಣ್ಣು ಕುಸಿದು ಹಳ್ಳ ಆ ಕಡೆಗೆ ಅಗಲವಾಗುತ್ತ ಹೋಯಿತು. ಗೂಟ ಈಗ ನಡುವೆ ಇರಲಿಲ್ಲ, ದಿಲ್ಲಿಯ ಪಾಲು ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಜನ ಕೊಡೆ ಹಿಡಿದು ಬಂದು ಏರಿಯ ತುದಿಯ ತನಕ ನಡೆದು, ನೋಡಿ, ತಿರುಗಿ ಹೋಗುತ್ತಿದ್ದರು. ಸಂತೆಯ ಮೂಟೆಗಳು ಮತ್ತೆ ತಲೆಯೇರಿದವು. ಯಾರೂ ಸಣ್ಣಸ್ವಾಮಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅನ್ನದೆ, ಒಂದೊಂದೇ ಮನೆಯಿಂದ ಕರೆ ಬರತೊಡಗಿತು. ಕೆಂಪಣ್ಣನ ಗದ್ದೆಯಲ್ಲಿ ಬದು ಕಡಿದ, ಇನ್ನೊಬ್ಬನ ಗದ್ದೆಯಲ್ಲಿ ಸಸಿಯ ಕಟ್ಟು ಹೊತ್ತ. ಕೈ ಗುಳ್ಳೆಯೆದ್ದು ಒಡೆಯಿತು. ನೊಗ ಕಟ್ಟಲು ಬರದೆ ಎತ್ತು ಅವನನ್ನು ಕೆಸರಿಗೆ ಕೆಡವಿದಾಗ ಇಡೀ ಗದ್ದೆ ನಕ್ಕಿತು. ಸತ್ತರೂ ತೀರದಷ್ಟಿದೆ ಎಂದು ಅವನು ಸಿದ್ದಮ್ಮನ ಹತ್ತಿರ ಗೊಣಗಿದ. ಅವಳು ಅಂಗೈಗೆ ಹರಳೆಣ್ಣೆ ಸವರುತ್ತ, ಮಕ್ಕಳಿದ್ರೆ ಅವು ತೀರಿಸ್ತಿದ್ವು, ಎಂದಳು, ಅವರಿಗೆ ಮಕ್ಕಳಿರಲಿಲ್ಲ.

ಆಷಾಢದ ಒಂದು ಸಂಜೆ ಹುಚ್ಚಮ್ಮ ಬಂದು ಅಂಗಳದಲ್ಲಿ ನಿಂತಳು. ಗಂಡಸ್ರ ದಿನಕ್ಕೆ ಗಂಡಸ್ರ ಕೆಲಸ ಮಾಡ್ತಾ ಇದೀಯ ಅಂತ ಕೇಳ್ದೆ, ಎಂದಳು. ಹೌದು ಅತ್ತೆ, ಎಂದ ಸಣ್ಣಸ್ವಾಮಿ. ಹೆಂಗಸ್ರ ದಿನ ಹೆಂಗಸ್ರ ಕೆಲಸದಲ್ಲೇ ತೀರ್ಬೇಕಲ್ಲ, ಎಂದಳು ಅವಳು. ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ನಾಟಿ ಹೆಂಗಸರದು. ಗಂಡಸು ಆ ಸಾಲಿನಲ್ಲಿ ಬಗ್ಗಿದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅವನು ಸಿದ್ದಮ್ಮನ ಕಡೆ ನೋಡಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ನಾಳೆ ನಂದು ನಾಟಿ ಸ್ವಾಮಿ. ಗೊರಬು ತಗಂಡು ಬಾ. ಕೋಟು ಬ್ಯಾಡ."

ಹೀಗೆ ಅವನು ಹುಚ್ಚಮ್ಮನ ಗದ್ದೆಯಲ್ಲಿ, ಬೆನ್ನಿಗೆ ಮಳೆ ತಡೆಯುವ ಎಲೆಯ ಗೊರಬು ಹೊದ್ದು, ಹೆಂಗಸರ ಸಾಲಿನಲ್ಲಿ ಬಗ್ಗಿ ನಿಂತ. ಅವನ ಒಂದು ಕಡೆ ಹುಚ್ಚಮ್ಮ, ಇನ್ನೊಂದು ಕಡೆ ಸ್ವಂತ ಹೆಂಡತಿ. ಮಳೆ ಗೊರಬಿನ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು. ಅವನು ನೆಟ್ಟ ಸಸಿ ಕೆಲವು ವಾಲುತ್ತಿದ್ದವು, ಕೆಲವು ತೇಲುತ್ತಿದ್ದವು. ಹುಚ್ಚಮ್ಮ ಕೈ ಚಾಚಿ ಅವನ್ನು ಸರಿಪಡಿಸುತ್ತ, ಇದು ಮುಕ್ಕಾಲು ಸಸಿ ಕಣ್ರೇ, ಎಂದು ಸಾಲಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಸಾಲು ನಕ್ಕಾಗ ಅವನಿಗೂ ನಗು ಬಂತು. ಹೆಂಗಸರು ಅವನಿರುವುದನ್ನು ಮರೆತು ಯಾವುದೋ ಮನೆಯ ಸೊಸೆಯ ಸುದ್ದಿ ತೆಗೆದರು. ಬೇರೆ ಗಂಡಸು ಕೇಳಬಾರದ ಸುದ್ದಿ. ಅವನು ಬಗ್ಗಿದ ಬೆನ್ನು ಎತ್ತದೆ ಎಲ್ಲವನ್ನೂ ಕೇಳಿಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಕೊಡೆ ಹಿಡಿದು ಬ್ಲಾಕ್ ಆಫೀಸರು ಕಾಣಿಸಿಕೊಂಡರು. ಎದೆಯ ತನಕ ಒದ್ದೆಯಾಗಿದ್ದರು. ಹಳ್ಳ ದಾಟಿ ಬಂದಿದ್ದರು. ಹಿಂದೆ ಕೆಂಪಣ್ಣನೂ ಬರುತ್ತಿದ್ದ. ಆಫೀಸರು ಸಾಲಿನ ಮೇಲೆ ಕಣ್ಣಾಡಿಸಿ, ಗೊರಬುಗಳಲ್ಲಿ ಕಾರ್ಯದರ್ಶಿಯನ್ನು ಗುರುತಿಸಲಾರದೆ, ಮಳೆಗೆ ಕೂಗಿ ಹೇಳಿದರು. ಮಂಜೂರಾಗಿತ್ತು. ಹೊಣೆಗಾರ ಯಾರೆಂದು ಗೊತ್ತಿರುವ ಊರು ಎಂದು ದಿಲ್ಲಿಯ ಅಧಿಕಾರಿ ಬಹಳ ಉದ್ದಕ್ಕೆ ಬರೆದಿದ್ದರಂತೆ. ತಿತಿಮತಿಗೆ ಹೋಗಬೇಕಾದದ್ದೂ ಇಲ್ಲಿಗೇ ಬಂದಿತ್ತು. ಮಳೆ ನಿಂತ ಮೇಲೆ ಕಾಂಟ್ರಾಕ್ಟುದಾರ ಆಳುಗಳನ್ನು ಕರೆದುಕೊಂಡು ಆಚೆ ದಡಕ್ಕೆ ಬರುತ್ತಾನೆ. ಕಾರ್ಯದರ್ಶಿಗಳು ಈಗಲೇ ಬಂದು ಒಂದು ಸಹಿ ಹಾಕಬೇಕು, ಜೀಪು ಕಾಯುತ್ತಿದೆ.

ಕೆಂಪಣ್ಣ ಅದನ್ನು ಮನಸ್ಸಿನಲ್ಲಿ ತೂಗಿ ನೋಡಿದ. ಕಾಂಟ್ರಾಕ್ಟುದಾರನ ಆಳುಗಳನ್ನು ದುಡ್ಡು ಕೊಟ್ಟು ಕಳಿಸೋರು ದಿಲ್ಲಿಯವರೇ ಅಂದ ಮೇಲೆ ಅವರು ದಿಲ್ಲಿಯ ಆಳುಗಳೇ, ಎಂದ. ಒಟ್ನಲ್ಲಿ ಆ ಕಡೆಯಿಂದ ಮುಯ್ಯಿ ಬಂತು. ಹೆಂಗಸರ ಸಾಲಿನಲ್ಲಿ ಸಂತೋಷದ ಗುಜುಗುಜು ಎದ್ದಿತು. ಮುಂದಿನ ಮಳೆಗಾಲಕ್ಕೆ ಗಾಡಿ ದಾಟುತ್ತದೆ, ಹೆರಿಗೆಯವರನ್ನು ದಾಟಿಸಬಹುದು. ಸಣ್ಣಸ್ವಾಮಿಗೂ ಸಂತೋಷವಾಗಬೇಕಿತ್ತು.  ದಿಲ್ಲಿ ತೀರಿಸಿದರೆ ತನ್ನದು ಚುಕ್ತಾ. ನಾಳೆಯಿಂದ ಯಾರೂ ಅಂಗಳಕ್ಕೆ ಬಂದು ನಿಂತು ಬಾ ಎನ್ನುವುದಿಲ್ಲ. ರೈಟ್ರೇ, ನಿಮಗ್ಯಾಕೆ ಕೆಸರು. ಅವನು ಕೈಯಲ್ಲಿದ್ದ ಸಸಿಯ ಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಧ್ವನಿ ಯಾರಿಗೂ ಗೊತ್ತಾಗಬಾರದೆಂದು ತಗ್ಗಿಸಿ ಕೇಳಿದ.

"ಹಂಗಾದ್ರೆ ನಂದು, ಅತ್ತೆ?"

ಹುಚ್ಚಮ್ಮ ತಲೆಯೆತ್ತಲಿಲ್ಲ. "ದಿಲ್ಲೀದು ದಿಲ್ಲೀಗೆ. ನಮ್ಮನ್ನ ಕರೆದೋನು ನೀನು," ಎಂದಳು. "ಸಾಲು ಬದುವಿಗೆ ಮುಟ್ಟೋ ತನಕ ಏಳ್ಬ್ಯಾಡ. ಎದ್ರೆ ಇವತ್ತಿನ ದಿನ ಲೆಕ್ಕಕ್ಕಿಲ್ಲ."

ಕಾರ್ಯದರ್ಶಿಗಳು ಎಲ್ಲಿ ಎಂದು ಆಫೀಸರು ಮತ್ತೆ ಕೂಗಿದರು. ಕೆಂಪಣ್ಣ ಅವರಿಗೆ ಒಂದು ಬಾಳೆಲೆ ಹಾಸಿ ಬದುವಿನ ಮೇಲೆ ಕೂರಲು ಹೇಳಿದ, ಮುಯ್ಯಿಯಲ್ಲಿ ಇದ್ದಾನೆ, ನಡುವೆ ಎಬ್ಬಿಸೋ ಹಂಗಿಲ್ಲ, ಎಂದ. ಆಫೀಸರು ಕೂತರು. ಬದು ಇನ್ನೂ ಬಹಳ ದೂರವಿತ್ತು. ಸಾಲು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಸಣ್ಣಸ್ವಾಮಿಯೂ ಸರಿದ.